ಕೆಂಪಗೆ ಹೊಳೆದ ಅಂಗೈಗಳು

ಕಂತು ಏಳು

ಬಾಗಿಲು ಮುಚ್ಚಿಕೊಂಡು ಹೊರಗಿನಿಂದ ಹಿಡಿ ಇಳಿಸಿದ ಸದ್ದಾಯಿತು. ಅದರ ಹಿಂದೆಯೇ ಕೊಂಡಿಗೆ ಬೀಗ ಜಡಿದ ಸದ್ದು.

“ಯಾರದು?” ಸಬ್ ಇನ್ಸ್‌ಪೆಕ್ಟರ್ ಯಶೋಧಾ ಗಕ್ಕನೆ ತಿರುಗಿದಳು. “ಏಯ್, ಒಳಗ ಮಂದಿ ಅದೀವಿ!”

ತಲೆಯ ಮೇಲಿನ ಬಲ್ಬು ಆರಿತು. ಗೋಡೆಯ ಫ್ಯಾನು ಸುಮ್ಮನೆ ಎರಡು ಸುತ್ತು ತಿರುಗಿ ನಿಂತಿತು.

ಹೊರಗೆ ಹನ್ನೊಂದು ಗಂಟೆಯ ಬಿಸಿಲು ರಣಗುಟ್ಟುತ್ತಿತ್ತು. ಒಳಗೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಹೋದ ಭಾನುವಾರ, ಈ ಪ್ರಯೋಗಾಲಯ ಕಟ್ಟಿದ ಡಾಕ್ಟರ್ ಕಾಂತೇಶ್ ಹೆಣವಾಗಿ ಸಿಕ್ಕಿದ್ದು ಇದೇ ಬಾಗಿಲ ಹಿಂದೆ.

ಯಶೋಧಾ ಮೊಬೈಲ್ ತೆಗೆದು ಟಾರ್ಚ್ ಹಾಕಿದಳು. ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಇರುವುದಾದರೂ ಹೇಗೆ? ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆ ಬದಿಯ ಈ ಕಟ್ಟಡ ಮೊದಲು ಹುಣಸೆಹಣ್ಣಿನ ಶೀತಲ ಗೋದಾಮು. ಗೋಡೆಯೆಂದರೆ ಎರಡು ತಗಡಿನ ನಡುವೆ ಗೇಣು ದಪ್ಪದ ಥರ್ಮಾಕೋಲು. ಬಾಗಿಲ ಅಂಚಿಗೆಲ್ಲ ರಬ್ಬರಿನ ಪಟ್ಟಿ. ಎಂಟಡಿಗೆ ಎಂಟಡಿಯ ಈ ಕೋಣೆಗೆ ಕಿಟಕಿ ಅನ್ನುವುದೇ ಇಲ್ಲ. ಹೊಳೆಯುವ ಕಣಗಳನ್ನು ನೋಡಲು ಪೂರಾ ಕತ್ತಲೆ ಬೇಕೆಂದು ಕಾಂತೇಶ್ ಇದನ್ನೇ ಆರಿಸಿಕೊಂಡಿದ್ದರಂತೆ. ಗೋದಾಮು ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಹುಣಸೆಯ ಹುಳಿ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ.

ಟಾರ್ಚಿನ ಬೆಳಕು ಗುಲಫಶಾಳ ಮೇಲೆ ಬಿತ್ತು.

ಕಾಂತೇಶರ ಕೈಕೆಳಗೆ ಕಣಗಳನ್ನು ತಯಾರಿಸುತ್ತಿದ್ದವಳು ಇವಳೇ. ಕೂಡ್ಲಿಗಿಯ ಮೆಕ್ಯಾನಿಕ್ ಮಕ್ತುಂ ಸಾಬನ ಮಗಳು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು ಹತ್ತು ತಿಂಗಳ ಹಿಂದೆ ಇಲ್ಲಿಗೆ ಬಂದವಳು. ಶನಿವಾರ ಇವಳೂ ಕಾಂತೇಶರೂ ಕೂಗಾಡಿದ್ದನ್ನು ಕಾವಲುಗಾರ ಓಬಳೇಶ್ ಹೊರಗಿನ ಪಡಸಾಲೆಯ ಕಿಟಕಿಯಿಂದ ಕೇಳಿ ಹೇಳಿಕೆ ಕೊಟ್ಟಿದ್ದ. ಭಾನುವಾರ ಎಲ್ಲಿದ್ದಿರಿ ಎಂದರೆ ಕೂಡ್ಲಿಗಿಯ ಮನೆಯಲ್ಲಿ ಅನ್ನುತ್ತಿದ್ದಳು. ಇವತ್ತು ಯಶೋಧಾ ಇವಳನ್ನು ಕರೆಸಿದ್ದೇ ಆ ಮಾತನ್ನು ಇದೇ ಕೋಣೆಯಲ್ಲಿ ನಿಲ್ಲಿಸಿ ಕೇಳಬೇಕೆಂದು.

ಬಾಗಿಲು ಮುಚ್ಚಿಕೊಂಡರೆ ಯಾರೇ ಆದರೂ ಬಾಗಿಲ ಕಡೆ ನೋಡುತ್ತಾರೆ. ಗುಲಫಶಾ ನೋಡುತ್ತಿದ್ದುದು ಮೇಜಿನ ಮೇಲೆ ಸುರುಳಿ ಸುತ್ತಿಕೊಂಡಿದ್ದ ರಬ್ಬರ್ ಕೊಳವೆಯನ್ನು.

“ಅಲ್ಲೇನೈತಿ?” ಯಶೋಧಾ ಕೇಳಿದಳು.

ಗುಲಫಶಾ ಉತ್ತರ ಕೊಡುವ ಮೊದಲೇ ಕೊಳವೆ ಒಂದು ಸಲ ಮಿಸುಕಿತು. ಆಮೇಲೆ ‘ಸುಸ್’ ಎನ್ನತೊಡಗಿತು.

“ನೈಟ್ರೋಜನ್,” ಎಂದಳು ಗುಲಫಶಾ. “ಹೊರಗಿನ ಸಿಲಿಂಡರ್ ತಿರುವ್ಯಾರ.”

ಯಶೋಧಾ ಬಾಗಿಲಿಗೆ ಹೆಗಲು ಕೊಟ್ಟು ನೂಕಿದಳು. ಬೂಟುಗಾಲಿನಿಂದ ಒದ್ದಳು. ಬಾಗಿಲು ಬೆಟ್ಟದಂತೆ ನಿಂತಿತ್ತು. ಸೊಂಟಕ್ಕೆ ಕೈ ಹೋಯಿತು. ಬರೀ ವಿಚಾರಣೆಗೆ ಪಿಸ್ತೂಲು ಯಾಕೆಂದು ಠಾಣೆಯಲ್ಲೇ ಬಿಟ್ಟು ಬಂದಿದ್ದಳು. ಜೊತೆಗಿದ್ದ ಹೆಡ್ ಕಾನ್‌ಸ್ಟೆಬಲ್ ಹುಲುಗೇಶನನ್ನು ಕಾಲು ತಾಸಿನ ಹಿಂದಷ್ಟೇ, ಕಂಪನಿಯ ಪಾಲುದಾರ ಗಂಗಾಧರನನ್ನು ಕೊಟ್ಟೂರಿನಿಂದ ಕರೆದುಕೊಂಡು ಬಾ ಎಂದು ಜೀಪು ಕೊಟ್ಟು ಕಳಿಸಿದ್ದಳು. ಗೇಟಿನಲ್ಲಿ ಬೆಳಿಗ್ಗೆಯಿಂದ ಓಬಳೇಶನ ಪತ್ತೆಯೇ ಇರಲಿಲ್ಲ. ಜೀಪು ಹೋದ ಮೇಲೆ ಮಗಳನ್ನು ಬಿಡಲು ವ್ಯಾನಿನಲ್ಲಿ ಬಂದಿದ್ದ ಮಕ್ತುಂ ಸಾಬನನ್ನು “ಇಲ್ಲಿ ನಿಂದ್ರಬ್ಯಾಡ್ರಿ” ಎಂದು ರಸ್ತೆಯಾಚೆಯ ಚಹಾದಂಗಡಿಗೆ ಅಟ್ಟಿದವಳೂ ತಾನೇ.

“ಒಳಗಿಂದ ತಗಿಯೂ ಗುಂಡಿ ಇರಬೇಕಲ್ಲ? ಶೀತಲ ಗೋದಾಮಿಗೆ ಇದ್ದಾ ಇರತೈತಿ.”

“ಐತ್ರಿ. ಇಲ್ಲಿ, ಬಲಕ್ಕ.” ಗುಲಫಶಾಳ ಕೈ ಬಾಗಿಲ ಮೇಲೆ ತಡಕಾಡಿತು. ತಡಕಾಡಿ ನಿಂತಿತು. “ಇಲ್ಲ ಮೇಡಂ.”

ಗುಂಡಿ ಇರಬೇಕಾದಲ್ಲಿ ಬೆರಳು ತೂರುವಷ್ಟು ತೂತಿತ್ತು. ಅದರೊಳಗಿನ ಸರಳನ್ನು ಯಾರೋ ಎಳೆದು ತೆಗೆದು, ಮೇಲೆ ಎಂ-ಸೀಲ್ ಗಚ್ಚು ಮೆತ್ತಿದ್ದರು. ಯಶೋಧಾ ಉಗುರು ಒತ್ತಿದಳು. ಗಚ್ಚು ಇನ್ನೂ ಪೂರಾ ಗಟ್ಟಿಯಾಗಿರಲಿಲ್ಲ. ಇವತ್ತೇ ಬೆಳಿಗ್ಗೆ ಮೆತ್ತಿದ್ದು.

ಅವಳು ಮೊಬೈಲಿನಲ್ಲಿ ಭಾನುವಾರದ ಮಹಜರಿನ ಫೋಟೋ ತೆರೆದಳು. ಅದೇ ಬಾಗಿಲು, ಅದೇ ಜಾಗ. ಹಸಿರು ಗುಂಡಿ ತನ್ನ ಜಾಗದಲ್ಲಿ ಠೀವಿಯಿಂದ ಕೂತಿತ್ತು. ಹಿಗ್ಗಿಸಿ ನೋಡಿದಳು. ಗುಂಡಿಯ ಸುತ್ತ ಬಿಳಿಯ ಚೂರು, ಒಡೆದ ಗಚ್ಚಿನ ಅಂಚು.

ಗುಂಡಿ ಇದ್ದದ್ದರಿಂದಲೇ ಅಲ್ಲವೇ ಎಲ್ಲರೂ ಇದನ್ನು ಅವಘಡ ಅಂದದ್ದು? ಡಾಕ್ಟರು ವಾಲ್ವು ಮುಚ್ಚುವುದನ್ನು ಮರೆತರು, ಕರೆಂಟು ಹೋಗಿ ಫ್ಯಾನು ನಿಂತಿತು, ತಲೆ ತಿರುಗಿ ಬಿದ್ದರು. ಎದ್ದು ಗುಂಡಿ ಒತ್ತಿದ್ದರೆ ಬದುಕುತ್ತಿದ್ದರು ಪಾಪ ಎಂದು.

ಒತ್ತಲು ಗುಂಡಿಯೇ ಇರಲಿಲ್ಲ. ಸತ್ತ ಮೇಲೆ ಯಾರೋ ತಂದು ಮತ್ತೆ ಕೂರಿಸಿದ್ದರು, ಯಶೋಧಾ ಬಂದು ಫೋಟೋ ತೆಗೆಯುವುದಕ್ಕೆ ಮುಂಚೆ.

ಅಂದು ಠಾಣೆಗೆ ಫೋನು ಮಾಡಿದವನು ಗಂಗಾಧರ. ಅವಳು ಹಡಗಲಿಯಲ್ಲಿ ಬಂದೋಬಸ್ತಿಗೆ ಹೋಗಿದ್ದರಿಂದ ಮೊದಲು ಬಂದು ಕೋಣೆ ಕಾದವನು ಹುಲುಗೇಶ. ಬಾಗಿಲು ತೆರೆದವನು ಓಬಳೇಶ. ಮೂವರೂ ಅವಳಿಗಿಂತ ಮುಂಚೆ ಇಲ್ಲಿದ್ದರು. ಯೋಚನೆ ಅಲ್ಲಿಗೆ ಬಂದು ಮುಗ್ಗರಿಸಿತು.

“ಮೇಡಂ, ಮಾತು ಆಮ್ಯಾಲ,” ಎಂದಳು ಗುಲಫಶಾ. “ಮೊದ್ಲು ಈ ಕೊಳವಿ ಕಟ್ಟಬೇಕು. ಇದರ ತಿರುಗಣಿನೂ ಕಿತ್ಕೊಂಡು ಹೋಗ್ಯಾರ. ನಿಮ್ಮ ಹೆಗಲಿನ ದಾರ ಕೊಡ್ರಿ.”

ಯಶೋಧಾ ಅನುಮಾನಿಸಿದಳು. ಸೀಟಿ ಕಟ್ಟಿದ ಆ ಹೆಣಿಗೆ ದಾರ ಎಮ್ಮೆ ಕಟ್ಟುವಷ್ಟು ಗಟ್ಟಿ. ಕೊಲೆಯ ಗುಮಾನಿ ಇರುವವಳ ಕೈಗೆ, ಕತ್ತಲಲ್ಲಿ, ದಾರ.

“ಕೊಡ್ರಿ ಮೇಡಂ! ಇದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಉಸಿರು ಕಟ್ಟಿದಂಗೂ ಆಗೂದಿಲ್ಲ. ಉಸಿರಾಡ್ತಾನಾ ಇರ್ತೀವಿ. ಜಂಪು ಹತ್ತಿದಂಗ ಆಗಿ ಕೂತಲ್ಲೇ ಹೋಗ್ತೀವಿ.”

ದಾರ ಬಿಚ್ಚಿ ಕೊಟ್ಟಳು. ಗುಲಫಶಾ ಕೊಳವೆಯನ್ನು ಮೂರು ಮಡಿಕೆ ಮಡಚಿ, ಹಲ್ಲು ಕಚ್ಚಿ ಬಿಗಿದಳು. ಯಶೋಧಾ ಮಡಿಕೆಯ ಮೇಲೆ ಮೊಣಕಾಲು ಊರಿದಳು. ಸದ್ದು ಸಣ್ಣಗಾಗಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟಾಯಿತು. ಪೂರ್ತಿ ನಿಲ್ಲಲಿಲ್ಲ.

“ಎಷ್ಟೊತ್ತು ಐತಿ ನಮಗ?”

“ಬಿಟ್ಟಿದ್ರ ಅರ್ಧ ತಾಸು ಆಗ್ತಿತ್ತು. ಈಗ ಒಂದು ಚೂರು ಜಾಸ್ತಿ ಸಿಗಬಹುದು. ಜಾಸ್ತಿ ಅಡ್ಡಾಡಬ್ಯಾಡ್ರಿ.”

ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತರು. ಯಶೋಧಾ ಮೊಬೈಲಿನ ಬೆಳಕು ಆರಿಸಲಿಲ್ಲ.

“ಅರ್ಧ ತಾಸು ಅಂದ್ಯಲ್ಲ,” ಎಂದಳು ಮೆಲ್ಲಗೆ. ಇಷ್ಟು ದಿನ ‘ನೀವು’ ಅನ್ನುತ್ತಿದ್ದವಳ ಬಾಯಲ್ಲಿ ತಾನಾಗಿಯೇ ‘ನೀನು’ ಬಂದಿತ್ತು. “ಜಂಪು ಹತ್ತಿದಂಗ ಆಗತೈತಿ ಅಂದಿ. ಬಾಗ್ಲ ಮುಚ್ಚಿದ ಕೂಡ್ಲೇ ಕೊಳವಿ ಕಡೆ ನೋಡಿದಿ. ಇದೆಲ್ಲ ಪುಸ್ತಕ ಓದಿ ಗೊತ್ತಾತೇನು?”

ಗುಲಫಶಾ ದಾರದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದಳು.

“ಕಾಂತೇಶ್ ಜೋಡಿ ಯಾಕ ಜಗಳಾಡಿದಿ?”

“ಅದನ್ನ ಬಾಯಿಲೆ ಹೇಳಿದ್ರ ನೀವು ನಂಬೂದಿಲ್ಲ. ತೋರಿಸ್ತೀನಿ.”

ಅವಳು ಕೂತಲ್ಲಿಂದಲೇ ಕೈಚಾಚಿ ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಎರಡು ಗಾಜಿನ ಶೀಸೆ ತೆಗೆದಳು. ಕಿರುಬೆರಳಿನ ಗಾತ್ರದವು. ಒಂದರ ಮೇಲೆ ಅವಳದೇ ಕೈಬರಹ, ಮಾದರಿಗೆಂದು ಅವಳು ಎತ್ತಿಟ್ಟದ್ದು. ಇನ್ನೊಂದಕ್ಕೆ ಅಚ್ಚಿನ ಚೀಟಿ. ನಾಳೆ ಇಂಥ ನಲವತ್ತು ಶೀಸೆಗಳು ಹೊರಗಿನ ಒಂದು ಸಂಶೋಧನಾಲಯಕ್ಕೆ ಹೋಗಬೇಕಿತ್ತು. ಡಾಕ್ಟರು ಸತ್ತು ವಾರವಾಗದಿದ್ದರೂ ಪೆಟ್ಟಿಗೆ ತಡೆಯಬೇಡಿ ಎಂದು ಗಂಗಾಧರ ಠಾಣೆಗೆ ಎರಡು ಸಲ ಬಂದು ಹೋಗಿದ್ದ.

“ಮೊಬೈಲು ಮುಚ್ಚಿಡ್ರಿ.” ಗುಲಫಶಾ ನೇರಳೆ ಬೆಳಕಿನ ಸಣ್ಣ ಬ್ಯಾಟರಿಯನ್ನು ಶೀಸೆಗಳಿಗೆ ಹಿಡಿದಳು.

ಎರಡೂ ಒಟ್ಟಿಗೆ ಹೊತ್ತಿಕೊಂಡವು. ಕೆಂಡದಂಥ ಕೆಂಪು. ಅವಳ ಬೆರಳುಗಳ ಅಂಚಿನಲ್ಲೂ ಆ ಬಣ್ಣ ಹರಿಯಿತು.

“ಎರಡೂ ಒಂದಾ ಥರ ಅದಾವ,” ಎಂದಳು ಯಶೋಧಾ.

“ಹಂಗ ಕಾಣಲಿ ಅಂತನಾ ಮಾಡ್ಯಾರ.” ಗುಲಫಶಾ ಉಸಿರು ಎಳೆದುಕೊಂಡಳು. “ನಿಮ್ಮ ಮನ್ಯಾಗ ಮುದ್ದಿ ಮಾಡ್ತೀರಲ್ಲ, ಕುದಿಯೂ ಎಸರಿಗೆ ಹಿಟ್ಟು ಸುರುವಿದ್ರ ಗಂಟು ಕಟ್ಟತೈತಿ. ನಮ್ಮದೂ ಹಂಗಾ. ಹೊಳಿಯೂ ಪಾಲಿಮರನ್ನ ಒಂದು ದ್ರಾವಕದಾಗ ಕರಗಿಸಿ, ಯಂತ್ರದಾಗ ಗದಗದ ನಡುಗೂ ನೀರಿಗೆ ಒಮ್ಮಿಗೇ ಚುಚ್ಚಿ ಬಿಡ್ತೀವಿ. ನೀರು ಕಂಡ ಕೂಡ್ಲೇ ಅದು ಹೆದರಿ ಮುದುಡಿ ಗಂಟಾಗತೈತಿ. ಅಡಿಗಿ ಮಾಡೋರಿಗೆ ಗಂಟು ಬ್ಯಾಡ. ನಮಗ ಗಂಟಾ ಬೇಕು. ಆದ್ರ ಎಲ್ಲಾ ಒಂದಾ ಅಳತಿ ಇರಬೇಕು, ತಲಿಗೂದ್ಲಿನ ಸಾವಿರದಾಗೊಂದು ಪಾಲಿನಷ್ಟು. ಆಮ್ಯಾಲ ಆ ದ್ರಾವಕ ಹೋಗಲಿ ಅಂತ ಈ ನೈಟ್ರೋಜನ್ ಗುಳುಗುಳು ಬಿಡ್ತೀವಿ. ಅದಕ್ಕಾ ಈ ಕೊಳವಿ ಇರೋದು.”

“ಅದ್ರಿಂದ ಏನ್ ಉಪಯೋಗ?”

“ನಮ್ಮ ಅಮ್ಮಿಗೆ ಎದಿ ಗಡ್ಡಿ, ಅಂದ್ರ ಕ್ಯಾನ್ಸರ್ ಆಗಿತ್ತು. ಆಪರೇಶನ್ ಮಾಡುವಾಗ ರೋಗ ಎಲ್ಲಿ ತನಕ ಹರಿದೈತಿ ಅಂತ ಕಾಣ್ಲಿಲ್ಲಂತ ಕಂಕುಳದಾಗಿನ ಗಂಟೆಲ್ಲ ತಗದುಬಿಟ್ರು. ಈಗ ಎಡಗೈ ಬಾತು ಬಾಳಿದಿಂಡಿನಂಗ ಆಗೈತಿ. ನಮ್ಮ ಅಮ್ಮಿ ಹಮೀದಾ ಬೀ ರೊಟ್ಟಿ ಅಂದ್ರ ಓಣಿಗೆಲ್ಲ ಹೆಸರಾಗಿತ್ತು. ಈಗ ಹಿಟ್ಟು ನಾದಾಕೂ ಬರೂದಿಲ್ಲ.” ಅವಳು ಶೀಸೆಯನ್ನು ತಿರುಗಿಸಿದಳು. “ಈ ಕಣ ಚುಚ್ಚಿದ್ರ ರೋಗದ ದಾರಿಯಾಗಿರೂ ಗಂಟಿನಾಗ ಹೋಗಿ ಕೂಡ್ರತಾವ. ಮ್ಯಾಲ ಬೆಳಕು ಹಿಡಿದ್ರ ಅಷ್ಟಾ ಹೊಳಿತೈತಿ. ಅಷ್ಟಾ ಕೊಯ್ದ್ರ ಸಾಕು. ಇನ್ನಾ ಇಲಿ ಮ್ಯಾಲ ನೋಡೂ ಹಂತದಾಗ ಐತಿ. ಆದ್ರ ಒಂದಿನ ಮನಷ್ಯಾರಿಗೂ ಬರತೈತಿ.”

ಅವಳು ಪಾಠ ಹೇಳುವವರ ಲೇಸರ್ ಕಡ್ಡಿ ತೆಗೆದುಕೊಂಡು, ನೇರಳೆ ಬ್ಯಾಟರಿ ಆರಿಸಿದಳು. ಕೈಬರಹದ ಶೀಸೆಗೆ ಕೆಂಪು ಕಿರಣ ಹಾಯಿಸಿದಳು. ನೀರಿನ ನಡುವೆ ಈ ಕಡೆಯಿಂದ ಆ ಕಡೆಗೆ ಸ್ಪಷ್ಟವಾದ ಗೆರೆ ಮೂಡಿತು, ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು ಧೂಳಿನಲ್ಲಿ ಕಾಣುವ ಹಾಗೆ.

ಯಶೋಧಾಗೆ ಹತ್ತನೆ ತರಗತಿಯ ವಿಜ್ಞಾನದ ಪಾಠ ನೆನಪಾಯಿತು. ಕಣವಿದ್ದರೆ ಬೆಳಕಿನ ದಾರಿ ಕಾಣುತ್ತದೆ.

ಗುಲಫಶಾ ಅಚ್ಚಿನ ಚೀಟಿಯ ಶೀಸೆಗೆ ಕಿರಣ ಹಾಯಿಸಿದಳು. ಒಳಗೆ ಏನೂ ಇಲ್ಲ. ಕಿರಣ ಶೀಸೆ ದಾಟಿ ಆಚೆ ಗೋಡೆಯ ಮೇಲೆ ಚುಕ್ಕೆಯಾಗಿ ಬಿತ್ತು.

“ಇದರಾಗ ಕಣಾನಾ ಇಲ್ಲ,” ಎಂದಳು ಯಶೋಧಾ.

“ಬರೇ ಬಣ್ಣ ಮೇಡಂ. ಹೊಳಿಯೂ ಬಣ್ಣ. ಎಲ್ಲೂ ಕೂಡ್ರೂದಿಲ್ಲ, ಮೈತುಂಬ ಹರಡಿ ಹೋಗತೈತಿ. ರೋಗ ಇಲ್ಲದಲ್ಲಿ ಐತಿ ಅಂತ ತೋರಸತೈತಿ, ಇದ್ದಲ್ಲಿ ಇಲ್ಲ ಅಂತ. ನಾನು ಮಾಡಿದ ನಲವತ್ತು ಶೀಸಿ ಎಲ್ಲಿಗೆ ಹೋದ್ವೋ ಗೊತ್ತಿಲ್ಲ. ಪೆಟ್ಟಿಗ್ಯಾಗ ಇದು ಕೂತಿತ್ತು. ಶನಿವಾರ ಕಂಡುಹಿಡಿದೆ. ಸರ್ ಅವರಾ ಬದ್ಲಿ ಮಾಡ್ಯಾರಂತ ತಿಳಕೊಂಡು ಬಾಯಿಗೆ ಬಂದಂಗ ಅಂದೆ.” ಧ್ವನಿ ತಗ್ಗಿತು. “ಅವರು ನಿಂತಲ್ಲೇ ನಿಂತ್ರು. ಗುಲಫಶಾ, ನೀ ಹೇಳೋದು ಖರೇ ಆದ್ರ ನಾಳಿಗೆ ನಾನಾ ಕೋಣ್ಯಾಗ ಕುಂತು ನೋಡ್ತೀನಿ ಅಂದ್ರು. ನಾನು ಆ ಮಾತು ಅನ್ನಲಿಲ್ಲಂದ್ರ ಅವರು ಭಾನುವಾರ ಇಲ್ಲಿಗೆ ಬರ್ತಾನಾ ಇರ್ಲಿಲ್ಲ.”

ಯಶೋಧಾಗೆ ಯಾಕೋ ನಗು ಬಂತು. ನಗುವಂಥದ್ದು ಏನೂ ಇರಲಿಲ್ಲ. ತುಟಿ ಜುಮುಜುಮು ಅನ್ನುತ್ತಿತ್ತು. ಎದ್ದು ಒಮ್ಮೆ ಬಾಗಿಲು ಬಡಿಯಬೇಕೆನಿಸಿ, ಕಾಲು ತನ್ನದಲ್ಲವೆಂಬಂತೆ ತಡವರಿಸಿ, ಗೋಡೆ ಹಿಡಿದುಕೊಂಡಳು.

“ಕೂಡ್ರಿ! ಶುರು ಆಗೈತಿ ನಿಮಗ.” ಗುಲಫಶಾ ನೇರಳೆ ಬ್ಯಾಟರಿ ಹಾಕಿ ಅವಳ ಮುಖ ನೋಡಲು ತಿರುಗಿಸಿದಳು.

ಬೆಳಕು ಯಶೋಧಾಳ ಭುಜದ ಪಕ್ಕದಲ್ಲಿ ಬಾಗಿಲಿಗೆ ಬಿತ್ತು.

ಬಾಗಿಲ ತುಂಬ ಕೈಗಳಿದ್ದವು.

ಕೆಂಪಗೆ ಹೊಳೆಯುವ ಅಂಗೈಗಳು. ದೊಡ್ಡವು. ಗುಂಡಿಯ ತೂತಿನ ಸುತ್ತ ಒಂದರ ಮೇಲೊಂದು ಬಿದ್ದಿದ್ದವು, ಹುಡುಕಿ ಹುಡುಕಿ ಸೋತಂತೆ. ಅಲ್ಲಿಂದ ಒಂದೊಂದೇ ಕೆಳಗಿಳಿದಿದ್ದವು. ಎದೆಯ ಎತ್ತರಕ್ಕೆ. ಸೊಂಟದ ಎತ್ತರಕ್ಕೆ. ಕೊನೆಯದು ನೆಲದಿಂದ ಒಂದು ಗೇಣು ಮೇಲೆ, ಬೆರಳುಗಳು ಗೀರಿಕೊಂಡು ಜಾರಿದ್ದವು. ಹಗಲ ಬೆಳಕಿನಲ್ಲಿ ಬರೀ ನೀರಿನ ಕಲೆ ಅದು. ಮಹಜರಿನ ದಿನ ತಾನು ಇದರ ಮುಂದೆಯೇ ಅರ್ಧ ತಾಸು ನಿಂತಿದ್ದಳು.

ಸತ್ತವನನ್ನು ಯಶೋಧಾ ನೋಡಿದ್ದಳು. ಸಾಯುತ್ತಿರುವವನನ್ನು ನೋಡಿದ್ದು ಈಗ.

ಆಮೇಲೆ ಇನ್ನೊಂದು ಕಂಡಿತು. ದೊಡ್ಡ ಅಂಗೈಗಳ ಎಡಗಡೆ, ಒಂದೇ ಒಂದು, ಸಣ್ಣದು. ತೆಳ್ಳನೆಯ ಬೆರಳು.

ಅವಳು ಗುಲಫಶಾಳ ಮಣಿಕಟ್ಟು ಹಿಡಿದಳು. ಗುಲಫಶಾ ಬಿಡಿಸಿಕೊಳ್ಳಲಿಲ್ಲ. ಯಶೋಧಾ ಆ ಕೈಯನ್ನು ಬಾಗಿಲಿಗೆ ಒತ್ತಿದಳು. ಬೆರಳಿಗೆ ಬೆರಳು, ಅಂಗೈಗೆ ಅಂಗೈ ಕೂತಿತು.

“ಭಾನುವಾರ ಕೂಡ್ಲಿಗ್ಯಾಗಿದ್ದಿ?”

“ಇಲ್ಲ.”

“ಇಲ್ಲೇ ಇದ್ದಿ.”

“ಇಬ್ರೂ ಇದ್ವಿ.” ಗುಲಫಶಾಳ ಕಣ್ಣಲ್ಲಿ ನೀರು ತುಂಬಿತ್ತು. “ನಾನಾ ಶೀಸಿ ಹಿಡಿದಿದ್ದೆ. ಹೊರಗ ಬಾಗ್ಲ ಬಿತ್ತು, ಇವತ್ತಿನಂಗಾ. ಸರ್ ಗುಂಡಿ ಹುಡುಕಾಡಿದ್ರು. ಶೀಸಿ ಕೈಯಾಗಾ ಒಡೀತು, ಇಬ್ರ ಕೈಗೂ ಆತು. ಕೊಳವಿ ಕಟ್ಟಾಕ ಹೊಳೀಲಿಲ್ಲ ನಮಗ, ಬಾಗ್ಲ ಬಡ್ಯೂದ್ರಾಗಾ ಹೊತ್ತು ಕಳದ್ವಿ. ಆಮ್ಯಾಲ ನನಗ ನೆನಪಿಲ್ಲ. ಕಣ್ಣು ಬಿಟ್ಟಾಗ ಅಬ್ಬಾನ ವ್ಯಾನಿನಾಗಿದ್ದೆ. ಬ್ಯಾಲಕುಂದಿ ಕ್ರಾಸೋ ಎಲ್ಲೋ, ಗಾಡಿ ಹೊಂಟಿತ್ತು.”

“ನಿಮ್ಮ ಅಪ್ಪ ಬಾಗ್ಲ ತಗದ?”

“ಹೌದು.”

“ಕಾಂತೇಶನ್ನ ಯಾಕ ಬಿಟ್ಟು ಬಂದ?”

“ಅದನ್ನಾ ಕೇಳೀನಿ ಮೇಡಂ! ನಾಕು ದಿನದಿಂದ ಕೇಳಾಕತ್ತೀನಿ. ಬಾಯಿ ಬಿಡವಲ್ಲ. ನೀ ಮನ್ಯಾಗಿದ್ದಿ ಅಂತ ಹೇಳು, ಅಷ್ಟಾ ಹೇಳು ಅಂತಾನ. ಊಟ ಬಿಟ್ಟಾನ. ನಿಮಗ ಖರೇ ಹೇಳಿದ್ರ ಅಪ್ಪನ್ನ ಒಯ್ತೀರಿ. ಸುಳ್ಳು ಹೇಳಿದ್ರ ನನ್ನ ಒಯ್ತೀರಿ. ನಾ ಎಲ್ಲಿಗೆ ಹೋಗ್ಲಿ?”

ಈ ಕೋಣೆಗೆ ಬರುವ ಮುಂಚೆಯೇ ಇವಳು ಇಂಥದೇ ಒಂದು ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಳು, ನಾಲ್ಕು ದಿನದಿಂದ. ಯಶೋಧಾಗೆ ಹಾಗನಿಸಿತು. ಇನ್ನೂ ಏನೋ ಕೇಳಬೇಕಿತ್ತು. ಮುಖ್ಯವಾದದ್ದು. ಪದ ನಾಲಿಗೆಗೆ ಬರಲಿಲ್ಲ. ತಾನು ಯಾವಾಗ ಕೂತೆನೆಂದೂ ತಿಳಿಯಲಿಲ್ಲ. ಹಂಪಸಾಗರದ ಹೊಳೆಯಲ್ಲಿ ಸಣ್ಣವಳಿದ್ದಾಗ ಮುಳುಗಿದಂತೆ, ಕಿವಿಯಲ್ಲಿ ನೀರಿನ ಮೊರೆತ. ಎಷ್ಟು ತಂಪು, ಎಷ್ಟು ಸುಖ.

ಕೆನ್ನೆಗೆ ಏಟು ಬಿತ್ತು. “ಮಲಗಬ್ಯಾಡ್ರಿ! ಮೇಡಂ! ನಿಮ್ಮ ಹೆಸರೇನು? ಹೇಳ್ರಿ! ಹೆಸರು ಹೇಳ್ರಿ!”

“ಯಶೋಧಾ.”

“ಇನ್ನೊಮ್ಮೆ!”

“ಯಶೋ...”

ಧಣ್ ಎಂದಿತು ಬಾಗಿಲು.

ಗುಲಫಶಾ ಅವಳನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ಹೊರಗಿರುವವನು ಉಳಿಸಲು ಬಂದವನೋ, ಸತ್ತರೋ ಇಲ್ಲವೋ ನೋಡಲು ಬಂದವನೋ? ಮತ್ತೊಮ್ಮೆ ಧಣ್. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಮೂರನೆ ಏಟಿಗೆ ಏನೋ ಕಿತ್ತು ನೆಲಕ್ಕೆ ಬಿತ್ತು. ರಬ್ಬರಿನ ಪಟ್ಟಿ ಚರ್ರೆಂದು ಬಿಡಿಸಿಕೊಂಡಿತು.

ಬೆಳಕು ಕಣ್ಣಿಗೆ ಇರಿಯಿತು. ಗಾಳಿ ನುಗ್ಗಿತು.

ಹೊಸ್ತಿಲಲ್ಲಿ ಮಕ್ತುಂ ಸಾಬ್ ನಿಂತಿದ್ದ. ಕೈಯಲ್ಲಿ ಲಾರಿ ಟೈರು ಬಿಚ್ಚುವ ಹಾರೆ. ಬಿಳಿಗಡ್ಡ ಬೆವರಿನಲ್ಲಿ ತೊಯ್ದಿತ್ತು. ಮಗಳನ್ನು ಒಂದು ತೋಳಿನಲ್ಲಿ, ಯಶೋಧಾಳನ್ನು ಇನ್ನೊಂದು ತೋಳಿನಲ್ಲಿ ಹಿಡಿದು ಓಣಿಯಂಥ ಉದ್ದ ಪಡಸಾಲೆಗೆ ಎಳೆದ. ಇಬ್ಬರೂ ನೆಲಕ್ಕೆ ಕುಸಿದು, ದಡಕ್ಕೆ ಬಿದ್ದ ಮೀನಿನಂತೆ ಬಾಯಿ ಬಿಟ್ಟು ಉಸಿರೆಳೆದರು.

“ಫೋನು ಹಚ್ಚಿದೆ, ಹತ್ಲಿಲ್ಲ,” ಎಂದ ಆತ. “ಆವತ್ತೂ ಹಂಗಾ ಹತ್ತಿರ್ಲಿಲ್ಲ. ಓಡಿ ಬಂದೆ.”

ಯಶೋಧಾಗೆ ನಾಲಿಗೆ ತಿರುಗಲು ಒಂದು ನಿಮಿಷ ಬೇಕಾಯಿತು. “ಸಾಬ್ರ, ಆವತ್ತು ಡಾಕ್ಟರನ್ನ ಯಾಕ ಬಿಟ್ಟು ಹೋದ್ರಿ?”

ಮಕ್ತುಂ ಸಾಬ್ ಮಗಳ ಮುಖ ನೋಡಿದ. ಅವಳು ತಲೆಯಾಡಿಸಿದಳು, ಹೇಳು ಎಂದು.

“ಬಿಟ್ಟು ಹೋಗ್ಲಿಲ್ರಿ,” ಎಂದ. “ಬಾಗ್ಲ ತಗದಾಗ ಇಬ್ರಿಗೂ ಉಸಿರಿತ್ತು. ಅಲ್ಲಾಹ್ ಸಾಕ್ಷಿ. ಒಬ್ಬನಾ ಮನಷ್ಯಾ, ಇಬ್ರನ್ನ ಹೆಂಗ ಎತ್ಲಿ? ಮಗಳು ಹಗುರಾದಾಳ ಅಂತ ಮೊದ್ಲು ಆಕಿನ್ನ ಹೊತ್ಕೊಂಡು ಗೇಟಿನ ತನಕ ಹೋಗಿ ವ್ಯಾನಿನಾಗ ಮಲಗಿಸಿದೆ. ಹೊಳ್ಳಿ ಬರೂದ್ರಾಗ ಬಾಗ್ಲ ಮತ್ತ ಹಾಕಿತ್ತು. ಈ ಸಲ ಬೀಗನೂ ಜಡಿದಿದ್ರು. ಒಳಗಿಂದ ಡಾಕ್ಟರ್ ಬಡಿಯಾಕತ್ತಿದ್ರು, ಮೆಲ್ಲಕ. ಹಾರಿ ತರಾಕ ವ್ಯಾನಿಗೆ ಓಡಿದೆ. ತಂದು ನಿಂತ್ರ... ಬಡಿಯೂ ಸಪ್ಪಳಾನಾ ಇರ್ಲಿಲ್ಲ.” ಆತ ಹಾರೆಯನ್ನು ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ. “ಒಡೀಬೇಕಾಗಿತ್ತು. ಹೆದರಿದೆ. ಮಗಳು ಬದುಕ್ಯಾಳ, ಹೋಗಿಬಿಡು ಅಂತು ಮನಸ್ಸು. ಹೋಗಿಬಿಟ್ಟೆ.”

ಗುಲಫಶಾ ತಂದೆಯ ಮೊಣಕಾಲಿಗೆ ಮುಖವಿಟ್ಟಳು.

“ಬಾಗ್ಲ ಹಾಕಿದವ ಯಾರು? ನೋಡಿದ್ರಿ?”

“ನೋಡೀನ್ರಿ. ಈ ಪಡಸಾಲಿ ತುದ್ಯಾಗ ಹೊಂಟಿದ್ದ, ಹೊಳ್ಳಿ ಒಮ್ಮೆ ನೋಡಿದ. ಲುಂಗಿ ಉಟ್ಟಿದ್ದ. ಹೆಸರು ನನಗೇನ್ ಗೊತ್ತು, ಇಲ್ಲಿ ಯಾರ ಪರಿ‌ಚಯಾನೂ ನನಗಿಲ್ಲ. ಆದ್ರ ಆ ಮಾರಿ ಸಾಯೂ ತನಕ ಮರ್ಯೂದಿಲ್ಲ.” ಮಕ್ತುಂ ಸಾಬ್ ದನಿ ತಗ್ಗಿಸಿದ. “ಈಗಿನ್ನಾ ಗೋಡಿ ಮರ್ಯಾಗ ನಿಂತು ನೋಡಿ ಬಂದೆ ಮೇಡಂ. ಅಂಗಳದಾಗ, ನಿಮ್ಮ ಜೀಪಿನಾಗ ಕುಂತಾನ.”

ಜೀಪು?

ಯಶೋಧಾ ಗೋಡೆ ಹಿಡಿದು ಎದ್ದಳು. ಗಡಿಯಾರ ನೋಡಿದಳು. ಹನ್ನೊಂದೂವರೆ. ಕೊಟ್ಟೂರಿಗೆ ಹೋಗಿ, ಆ ಗಂಗಾಧರನನ್ನು ಹುಡುಕಿ, ಕೂರಿಸಿಕೊಂಡು ಬರಲು ಎಷ್ಟು ಅವಸರ ಮಾಡಿದರೂ ತಾಸಿನ ಮೇಲೆ ಬೇಕು. ಜೀಪು ಹೋಗಿ ಮುಕ್ಕಾಲು ತಾಸೂ ಆಗಿರಲಿಲ್ಲ.

ಪಡಸಾಲೆಯ ಜಾಲರಿ ಕಿಟಕಿಗೆ ಕಣ್ಣು ಹಚ್ಚಿದಳು. ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ಚಕ್ರಕ್ಕೆ ಹೊಸ ಧೂಳಿರಲಿಲ್ಲ. ಮುಂದಿನ ಸೀಟಿನಲ್ಲಿ ಗಂಗಾಧರ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಚಾಲಕನ ಸೀಟಿನಿಂದ ಹುಲುಗೇಶ ಆಗಲೇ ಇಳಿದು, ಟೋಪಿ ಸರಿಮಾಡಿಕೊಂಡು ಇತ್ತ ಕಡೆ ಬರುತ್ತಿದ್ದ. ಆರು ವರ್ಷದಿಂದ ಅವಳ ಜೊತೆಗಿದ್ದ ಹುಲುಗೇಶ. ಅವಳ ಮಗನಿಗೆ ಜ್ವರ ಬಂದಾಗ ದವಾಖಾನೆಯಲ್ಲಿ ಬೆಳತನಕ ಕೂತಿದ್ದ ಹುಲುಗೇಶ.

“ಇಬ್ಬರದಾರ ಸಾಬ್ರ,” ಅವಳು ಪಿಸುಗುಟ್ಟಿದಳು. “ಯಾರು? ಕುಂತಾವನೋ, ಬರಾಕತ್ತಾವನೋ?”

ಮಕ್ತುಂ ಸಾಬ್ ಕಿಟಕಿಯ ಹತ್ತಿರಕ್ಕೆ ಬರಲು ಒಂದು ಹೆಜ್ಜೆ ಇಟ್ಟ.

ಅಷ್ಟರಲ್ಲಿ ಮೆಟ್ಟಿಲ ಕೆಳಗೆ ಬೂಟಿನ ಸದ್ದು ನಿಂತಿತು. ಅಲ್ಲಿಂದ ಪಡಸಾಲೆ ಕಾಣುವುದಿಲ್ಲ, ಬಾಗಿಲು ಕಾಣುವುದಿಲ್ಲ, ನೆಲದ ಮೇಲೆ ಬಿದ್ದ ಬೀಗವೂ ಕಾಣುವುದಿಲ್ಲ. ಹುಲುಗೇಶನ ದನಿ ಎಂದಿನಂತೆ ವಿನಯವಾಗಿತ್ತು.

“ಮೇಡಂ? ಆ ಬೀಗ ಯಾರು ಒಡದ್ರಿ?”